ಮೋಟರ್‌ಹೋಮ್ ಕೊಳ್ಳುವ ಮೊದಲು ರಾತ್ರಿಗಳನ್ನು ಎಣಿಸಿ

ನಮ್ಮಜ್ಜಿ ಮೇಲುಕೋಟೆ ವೈರಮುಡಿಗೆ ಕಮಾನು ಗಾಡಿಯಲ್ಲಿ ಹೋಗುತ್ತಿದ್ದರಂತೆ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೊಂದು ಜಮಖಾನ, ಮೂಲೆಯಲ್ಲಿ ರಾಗಿ ಹಿಟ್ಟಿನ ಗಂಟು, ಅಡಿಯಲ್ಲಿ ನೇತಾಡುವ ಲಾಟೀನು. ಕತ್ತಲಾದರೆ ಯಾವುದೋ ತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹಚ್ಚುವುದು. ನಾನು ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ವ್ಯಾನು, ತಂದ ದಿನ ಅಮ್ಮ ಒಳಗೆಲ್ಲ ಕಣ್ಣಾಡಿಸಿ, "ಇದ್ಕೇನಪ್ಪಾ ಅಷ್ಟೊಂದ್ ದುಡ್ಡು? ನಮ್ಮವ್ವನ ಗಾಡೀಲೂ ಇಷ್ಟೇ ಇತ್ತು, ಎತ್ತು ಬೇರೆ ಇದ್ವು" ಅಂದರು.

ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಿ, ಬೇಕಾದಲ್ಲಿ ಅಡುಗೆ ಮಾಡಿಕೊಂಡು, ಗಾಡಿಯಲ್ಲೇ ಮಲಗುವುದು ನಮಗೆ ಹೊಸದಲ್ಲ. ಹೊಸದೆಂದರೆ ಲಕ್ಷಗಟ್ಟಲೆ ಸುರಿಯುವುದು ಮತ್ತು ಆರ್‌ಟಿಒ ಕಚೇರಿ. ಮೈಸೂರು, ಮಂಡ್ಯ ಕಡೆಯಿಂದ ಯಾರಾದರೂ "ನಾವೂ ಒಂದು ತಗೋಬೇಕು" ಅಂದಾಗಲೆಲ್ಲ ನಾನು ಹೇಳುವುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕ್ಯಾಲೆಂಡರು ತೆಗೆಯಿರಿ

ಗಾಡಿ ನೋಡಲು ಹೋಗುವ ಮೊದಲು ಹೋದ ವರ್ಷದ ಕ್ಯಾಲೆಂಡರ್ ತೆಗೆದು, ಕುಟುಂಬ ಸಮೇತ ಮನೆಯಿಂದ ಹೊರಗೆ ಎಷ್ಟು ರಾತ್ರಿ ಮಲಗಿದ್ದೀರಿ ಎಣಿಸಿ. ನೆಂಟರ ಮದುವೆ, ಊರಹಬ್ಬ ಬಿಟ್ಟುಬಿಡಿ, ಅಲ್ಲಿ ನಿಮಗೆ ಹಾಸಿಗೆ ಇದ್ದೇ ಇರುತ್ತದೆ. ದಸರಾ ರಜೆ, ಬೇಸಿಗೆ ರಜೆ, ಆಗೀಗ ಸಿಗುವ ಮೂರು ದಿನದ ವಾರಾಂತ್ಯ ಸೇರಿಸಿದರೂ ನಮ್ಮಂಥವರಿಗೆ ಇಪ್ಪತ್ತು ದಾಟುವುದು ಕಷ್ಟ.

ಈಗ ಒಂದು ಲೆಕ್ಕ. ಗಾಡಿ, ಒಳಗಿನ ಕೆಲಸ, ನೋಂದಣಿ ಎಲ್ಲ ಸೇರಿ 25 ಲಕ್ಷ ಆಯಿತು ಎಂದುಕೊಳ್ಳಿ. ಎಂಟು ವರ್ಷ ಬಳಸಿ 9 ಲಕ್ಷಕ್ಕೆ ಮಾರಿದಿರಿ. ಕಳೆದದ್ದು 16 ಲಕ್ಷ, ವರ್ಷಕ್ಕೆ 2 ಲಕ್ಷ. ವಿಮೆ, ಸರ್ವೀಸು, ಟೈರು, ಬ್ಯಾಟರಿ ಬಾಬ್ತು ವರ್ಷಕ್ಕೆ 80 ಸಾವಿರ ಸೇರಿಸಿ. 2.8 ಲಕ್ಷವನ್ನು ಇಪ್ಪತ್ತು ರಾತ್ರಿಗೆ ಹಂಚಿದರೆ ರಾತ್ರಿಗೆ 14,000 ರೂಪಾಯಿ. ಡೀಸೆಲ್ ಬೇರೆ. ಆ ದುಡ್ಡಿಗೆ ಒಳ್ಳೆಯ ಹೋಟೆಲಿನಲ್ಲೇ ಎರಡು ರೂಮು ಸಿಗುತ್ತವೆ, ಬೆಳಗಿನ ತಿಂಡಿ ಸಮೇತ. ವರ್ಷಕ್ಕೆ ಅರವತ್ತು ರಾತ್ರಿ ಹೊರಡುವವರಿಗೆ ಇದೇ ಲೆಕ್ಕ 5,000ದ ಒಳಗೆ ಬರುತ್ತದೆ. ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ, ಆದರೆ ಲೆಕ್ಕ ಹಾಕದೆ ಮುಂದಕ್ಕೆ ಹೋಗಬೇಡಿ. "ದುಡ್ಡು ಉಳಿಯುತ್ತೆ" ಎಂಬ ಕಾರಣಕ್ಕೆ ಮೋಟರ್‌ಹೋಮ್ ಕೊಳ್ಳುವವರು ತಮ್ಮನ್ನೇ ನಂಬಿಸಿಕೊಳ್ಳುತ್ತಿದ್ದಾರೆ. ನಾನು ಕೊಂಡಿದ್ದು ಬೇರೆ ಕಾರಣಕ್ಕೆ. ಅಮ್ಮನಿಗೆ ಮಂಡಿನೋವು, ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು, ದಾರಿಯ ಹೋಟೆಲುಗಳ ಕಕ್ಕಸಿಗೆ ಹೆದರಿ ಅವರು ನೀರೇ ಕುಡಿಯುತ್ತಿರಲಿಲ್ಲ. ನಿಮ್ಮ ಕಾರಣವೂ ಇಷ್ಟು ಸ್ಪಷ್ಟವಾಗಿದ್ದರೆ ಮುಂದೆ ಓದಿ.

ಎರಡನೆಯದು: ಬಾಡಿಗೆಗೆ ತಂದು ಮಲಗಿ ನೋಡಿ

ಬೆಂಗಳೂರಿನಲ್ಲಿ ಮೋಟರ್‌ಹೋಮ್, ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತವೆ. ಎರಡು ರಾತ್ರಿಗೆ ತನ್ನಿ, ಒಂದು ರಾತ್ರಿಗೆ ಬೇಡ. ಮೊದಲ ರಾತ್ರಿ ಮಕ್ಕಳಿಗೆ ಸಂಭ್ರಮ. ಒದ್ದೆ ಟವೆಲ್ ಎಲ್ಲಿ ಒಣಹಾಕುವುದು, ಎಂಜಲು ತಟ್ಟೆ ಎಲ್ಲಿ ತೊಳೆಯುವುದು, ಯಾರು ಗೊರಕೆ ಹೊಡೆಯುತ್ತಾರೆ ಎಂಬುದೆಲ್ಲ ಗೊತ್ತಾಗುವುದು ಎರಡನೆಯ ರಾತ್ರಿ. ಅತ್ತೆ, ಅಮ್ಮ, ಅಜ್ಜಿ ಯಾರು ಮುಂದೆ ಜೊತೆಗೆ ಬರುತ್ತಾರೋ ಅವರನ್ನು ಈ ಸಲವೇ ಕರೆದುಕೊಂಡು ಹೋಗಿ. ಮೆಟ್ಟಿಲು ಎತ್ತರವಾಯಿತು ಎಂದು ಕೊಂಡಮೇಲೆ ಕೇಳಬಾರದು.

ಯಾವ ಗಾಡಿ?

ನಮ್ಮಲ್ಲಿ ಹೆಚ್ಚಿನ ಮೋಟರ್‌ಹೋಮ್‌ಗಳ ಬುಡ ಫೋರ್ಸ್ ಟ್ರಾವೆಲರ್, ಅಂದರೆ ಎಲ್ಲರ ಬಾಯಲ್ಲಿರುವ ಟಿಟಿ. ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತದೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಕೊಳ್ಳೇಗಾಲದಲ್ಲೂ ಇರುತ್ತಾನೆ. ಅದೇ ಕಂಪನಿಯ ಅರ್ಬೇನಿಯಾ ಓಡಿಸಲು ಕಾರಿನಷ್ಟು ನಯ, ಬೆಲೆಯೂ ಹಾಗೆಯೇ ಮೇಲೆ. ಅದು 3350, 3615, 4400 ಮಿಲಿಮೀಟರಿನ ಮೂರು ವೀಲ್‌ಬೇಸ್‌ಗಳಲ್ಲಿ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಬಂದಿದೆ. ಉದ್ದದ್ದನ್ನು ನೋಡಿದರೆ ಆಸೆಯಾಗುತ್ತದೆ. ಆದರೆ ಅಗ್ರಹಾರದ ಓಣಿ, ಶ್ರೀರಂಗಪಟ್ಟಣದ ಕೋಟೆಬಾಗಿಲು, ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನು ಒಮ್ಮೆ ನೆನೆಸಿಕೊಳ್ಳಿ. ನಾಲ್ಕು ಜನರ ಸಂಸಾರಕ್ಕೆ ಗಿಡ್ಡದ್ದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಗಂಡಹೆಂಡತಿ ಇಬ್ಬರೇ ಆದರೆ ಟಾಟಾ ವಿಂಗರ್ ಕೂಡ ಆಗುತ್ತದೆ. ಪಿಕಪ್ ಮೇಲೆ ಡಬ್ಬ ಕೂರಿಸುವವರೂ ಇದ್ದಾರೆ, ಅದರಲ್ಲಿ ಓಡಿಸುವವರಿಗೂ ಹಿಂದೆ ಇರುವವರಿಗೂ ನಡುವೆ ದಾರಿಯಿಲ್ಲ ಎಂಬುದು ನೆನಪಿರಲಿ.

ಲೈಸೆನ್ಸಿನ ಚಿಂತೆ ಬೇಡ. ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕು, ಈ ಗಾಡಿಗಳೆಲ್ಲ ಅದರೊಳಗೇ ಬರುತ್ತವೆ.

ಕಾಗದ: ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ

ನಾನು ಮೊದಲು ಮುಂಗಡ ಕೊಟ್ಟಿದ್ದು ಈಗಿನ ಗಾಡಿಗಲ್ಲ. ಬೇರೊಂದು ಟಿಟಿ, ಒಳಗೆ ತೇಗದ ಬಣ್ಣದ ಕಪಾಟು, ಬೆಳಕಿನ ಪಟ್ಟಿ, ಸಿಂಕು, ನೋಡಿದ ಕೂಡಲೇ ನನ್ನ ಹೆಂಡತಿ "ಇದೇ" ಅಂದುಬಿಟ್ಟಳು. ಮಾರುವವರು ಆರ್‌ಸಿಯ, ಅಂದರೆ ನೋಂದಣಿ ಪತ್ರದ, ಜೆರಾಕ್ಸ್ ಕೊಟ್ಟಿದ್ದು ಮೂರನೆಯ ಸಲ ಕೇಳಿದ ಮೇಲೆ. ಅದರಲ್ಲಿ ಹದಿಮೂರು ಸೀಟು ಎಂದಿತ್ತು, ಗಾಡಿಯಲ್ಲಿದ್ದದ್ದು ನಾಲ್ಕು. ವರ್ಗದ ಜಾಗದಲ್ಲಿ ಇನ್ನೂ ಬಾಡಿಗೆ ಗಾಡಿಯದೇ ನಮೂದು. "ಎಲ್ರೂ ಹಂಗೇ ಓಡುಸ್ತಾರೆ ಸಾರ್, ಏನೂ ಆಗಲ್ಲ" ಎಂಬ ಸಮಾಧಾನ. ಮುಂಗಡದಲ್ಲಿ ಅರ್ಧ ವಾಪಸ್ಸು ಬಂತು, ಉಳಿದರ್ಧಕ್ಕೆ ಬುದ್ಧಿ ಬಂತು.

ಏನೂ ಆಗಲ್ಲ ಎಂಬುದು ಸುಳ್ಳು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಪೊಲೀಸರು ಹಿಡಿಯುವುದು ಸಣ್ಣ ತಲೆನೋವು. ಅಪಘಾತವೋ ಬೆಂಕಿಯೋ ಆದ ದಿನ ವಿಮೆಯವರು ಆರ್‌ಸಿ ತೆಗೆದು ಗಾಡಿಯ ಒಳಗೆ ಇಣುಕಿದರೆ ಮುಗಿಯಿತು ಕಥೆ.

ಹಾಗಾದರೆ ಸರಿಯಾದ ದಾರಿ ಯಾವುದು? ಮೋಟರ್‌ಹೋಮ್‌ಗೆ ಕಾಗದಪತ್ರದಲ್ಲಿ ಇರುವ ಹೆಸರು ಮೋಟರ್ ಕ್ಯಾರವಾನ್. ಅದಕ್ಕೆಂದೇ ನಮ್ಮಲ್ಲಿ ಎಐಎಸ್-124 ಎಂಬ ಮಾನದಂಡವಿದೆ. ಕೂರುವ ಸೀಟು ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಸೌಕರ್ಯ, ಸಾಮಾನಿಡುವ ಜಾಗ, ಈ ನಾಲ್ಕೂ ಗಾಡಿಗೆ ಭದ್ರವಾಗಿ ಜೋಡಿಸಿರಬೇಕು. ಮೇಜನ್ನು ಮಾತ್ರ ಬಿಚ್ಚುವಂತೆ ಮಾಡಬಹುದು. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯಿಂದ ತಮ್ಮ ಮಾದರಿಗೆ ಒಪ್ಪಿಗೆ ಪಡೆದ ತಯಾರಕರ ಬಳಿಯೇ ಕೊಳ್ಳುವುದು ಸುಲಭದ ದಾರಿ. ಅವರನ್ನು ಮೂರು ವಿಷಯ ಕೇಳಿ. ಒಪ್ಪಿಗೆ ಪತ್ರದ ಪ್ರತಿ ಕೊಡುತ್ತೀರಾ? ಗಾಡಿ ನಿಯಮಕ್ಕೆ ತಕ್ಕಂತಿದೆ ಎಂದು ಚಾಸಿ ಮಾಡಿದವರೂ ಬಾಡಿ ಕಟ್ಟಿದವರೂ ಬರೆದುಕೊಡುವ ಫಾರಂ 22-ಎ ಸಿಗುತ್ತದಾ? ನೀವು ಕಟ್ಟಿಕೊಟ್ಟ ಗಾಡಿಯೊಂದು ಕರ್ನಾಟಕದಲ್ಲಿ ನೋಂದಣಿಯಾದ ಆರ್‌ಸಿ ತೋರಿಸುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಕಾಫಿ ಕುಡಿದು ಎದ್ದು ಬನ್ನಿ.

ಆರ್‌ಸಿಯಲ್ಲಿ ವರ್ಗದ ಎದುರು ಮೋಟರ್ ಕ್ಯಾರವಾನ್ ಎಂದೋ, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂದೋ ಬರಬೇಕು. ಸ್ವಂತ ಬಳಕೆಯದ್ದಾದರೆ ವೈಟ್ ಬೋರ್ಡ್. ಖಾಲಿ ಇದ್ದಾಗ ಬಾಡಿಗೆಗೆ ಬಿಟ್ಟು ಕಂತು ಕಟ್ಟೋಣ ಎಂಬ ಯೋಚನೆಯಿದ್ದರೆ ಅಲ್ಲಿಗೇ ಕೈಬಿಡಿ, ಅದಕ್ಕೆ ಯೆಲ್ಲೋ ಬೋರ್ಡ್, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಂಬ ಬೇರೆಯದೇ ಪ್ರಪಂಚವಿದೆ.

ಇರುವ ಗಾಡಿಯನ್ನೇ ಮಾರ್ಪಡಿಸುವುದಾದರೆ ಗರಗಸ ಮುಟ್ಟುವ ಮೊದಲು ನಿಮ್ಮ ಆರ್‌ಟಿಒಗೆ ನಕ್ಷೆಯ ಸಮೇತ ಅರ್ಜಿ ಕೊಡಿ. ಮೈಸೂರಿನಲ್ಲಿ ಕೆಎ-09 ಮತ್ತು ಕೆಎ-55 ಎಂದು ಎರಡು ಕಚೇರಿ, ಮಂಡ್ಯದವರಿಗೆ ಕೆಎ-11. ತೆರಿಗೆ ಯಾವ ಲೆಕ್ಕದಲ್ಲಿ ಬೀಳುತ್ತದೆ ಎಂಬುದನ್ನೂ ಅಲ್ಲಿಯೇ ಕೇಳಿ, ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ. ಪಾಂಡಿಚೇರಿಯಲ್ಲೋ ಮತ್ತೆಲ್ಲೋ ನೋಂದಾಯಿಸಿದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ ತಂದು, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ನಂಬರು ಹಾಕಿಸಲೇಬೇಕು.

ಕೊನೆಗೆ ವಿಮೆ. ಪಾಲಿಸಿಯಲ್ಲಿ ಗಾಡಿಯ ಬೆಲೆಯ ಜೊತೆಗೆ ಒಳಗಿನ ಕೆಲಸದ ಬೆಲೆಯೂ ನಮೂದಾಗಿರಲಿ. ಬಿಲ್ಲುಗಳನ್ನು ಎತ್ತಿಡಿ.

ಹಳೆಯ ಗಾಡಿ ನೋಡುವ ಬಗೆ

ಸೆಕೆಂಡ್ ಹ್ಯಾಂಡ್ ಟಿಟಿ ಅಂದರೆ ಬಹುಪಾಲು ಟ್ರಾವೆಲ್ಸ್‌ನಲ್ಲಿ ದುಡಿದದ್ದು. ಮೀಟರು ನಂಬಬೇಡಿ, ಸರ್ವೀಸ್ ದಾಖಲೆ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದ್ದು. ಮೇಲೆ ಎಷ್ಟೇ ಗಟ್ಟಿ ಕಂಡರೂ ಆರು ವರ್ಷ ದಾಟಿದ ಟೈರು ಬದಲಿಸಿಯೇ ಸೈ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ ಚಲನ್, ಸಾಲ, ತೆರಿಗೆ ಬಾಕಿ ನೋಡಿ. ಸಾಲ ತೀರಿದ್ದರೂ ಕೆಲವರು ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು, ತೆಗೆಸಿರುವುದಿಲ್ಲ, ಫಾರಂ 35 ಜೊತೆಗೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಬಾಕಿ ಹಣ ಕೊಡಿ.

ಈಗಾಗಲೇ ಮನೆಯಾಗಿರುವ ಗಾಡಿಯಾದರೆ ಎಂಜಿನ್ನಿಗಿಂತ ಮೊದಲು ಚಾವಣಿ ನೋಡಿ. ಫ್ಯಾನು, ಕಿಟಕಿ, ಸೋಲಾರ್ ಫಲಕಕ್ಕೆಂದು ತೂತು ಕೊರೆದ ಕಡೆಯೆಲ್ಲ ಸೋರುವ ಸಂಭವವಿದೆ. ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಒಳಗೆ ಕೂರಿ. ಕಪಾಟಿನ ಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ನೀರು ಕುಡಿದಿದೆ. ಮಂಗಳೂರು, ಕೇರಳ ಕರಾವಳಿಯಲ್ಲಿ ಓಡಿದ ಗಾಡಿಯ ಅಡಿಯಲ್ಲಿ ತುಕ್ಕು ಹುಡುಕಿ.

ಆಮೇಲೆ ನೀರಿನ ಟ್ಯಾಂಕ್ ಭರ್ತಿ ಮಾಡಿ, ಮನೆಮಂದಿಯನ್ನು ಕೂರಿಸಿಕೊಂಡು, ವಾರದ ದಿನ ಬೆಳಗ್ಗೆ ಬೇಗ ಚಾಮುಂಡಿ ಬೆಟ್ಟ ಹತ್ತಿಸಿ. ಹತ್ತುವಾಗ ಎಂಜಿನ್ನಿನ ಬಿಸಿ, ಇಳಿಯುವಾಗ ಬ್ರೇಕು, ತಿರುವಿನಲ್ಲಿ ಕಪಾಟಿನ ಬಾಗಿಲುಗಳು, ಮೂರೂ ತಮ್ಮ ಹಣೆಬರಹ ಹೇಳುತ್ತವೆ. ಹೇಗೂ ಬೆಟ್ಟ ಹತ್ತಿದ್ದೀರಿ, ತಾಯಿಗೊಂದು ಕೈ ಮುಗಿದು ಬನ್ನಿ.

ಒಳಗಿನ ಕೆಲಸ: ತೂಕ, ಕರೆಂಟು, ನೀರು, ಬೆಂಕಿ

ಮರಗೆಲಸದವರಿಗೆ ಬಿಟ್ಟರೆ ಮನೆಗೆ ಹಾಕುವ 18 ಮಿಲಿಮೀಟರ್ ಪ್ಲೈವುಡ್ಡನ್ನೇ ತರುತ್ತಾರೆ. ಎಂಟು-ನಾಲ್ಕು ಅಡಿಯ ಅಂಥ ಒಂದು ಹಾಳೆ 30 ಕೆ.ಜಿ. ಮೇಲೆ ತೂಗುತ್ತದೆ. ಹತ್ತು ಹಾಳೆಗೆ ಐದಾಳಿನ ತೂಕ ಬಂತು. ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಾಳೆ ಹೊಡೆಸಿ. ನೂರು ಲೀಟರ್ ನೀರೆಂದರೆ ನೂರು ಕೆ.ಜಿ., ಟ್ಯಾಂಕನ್ನು ಆದಷ್ಟು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಕೂರಿಸಿ. ನಮ್ಮ ಮಂಡ್ಯದಲ್ಲಿ ಒಂದು ಅನುಕೂಲವಿದೆ: ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿಗಳ ದೆಸೆಯಿಂದ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ಕೆಲಸಕ್ಕೆ ಮುಂಚೆ ಒಮ್ಮೆ, ಪೂರ್ತಿ ತುಂಬಿದ ಮೇಲೆ ಒಮ್ಮೆ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರಿದ್ದರೆ ಏನಾದರೂ ಕೀಳಿಸಲೇಬೇಕು. ಕಬ್ಬಿನ ಲೋಡಿನ ನಡುವೆ ಕ್ಯೂ ನಿಂತು ಮೋಟರ್‌ಹೋಮ್ ತೂಗಿಸಿದ್ದು ನಾನೊಬ್ಬನೇ ಇರಬೇಕು.

ಕರೆಂಟಿನ ವಿಷಯದಲ್ಲಿ ಎಲ್ಲರೂ ಮೋಸ ಹೋಗುವುದು ಏಸಿಗೆ. 12 ವೋಲ್ಟಿನ, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು ಎರಡೂವರೆ ಯೂನಿಟ್ಟು. ಮನೆಯಲ್ಲಿ ಹಾಕುವಂಥ ಒಂದೂವರೆ ಟನ್ ಏಸಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ. ಎರಡು ಗಂಟೆಯೂ ಬರುವುದಿಲ್ಲ. ಚಾವಣಿಯ ಮೇಲೆ 400 ವಾಟ್ ಸೋಲಾರ್ ಹಾಕಿದರೆ ಒಳ್ಳೆಯ ಬಿಸಿಲಿನ ದಿನಕ್ಕೆ ಒಂದೂಕಾಲು, ಒಂದೂವರೆ ಯೂನಿಟ್ ಬರಬಹುದು. ಅದು ಸಣ್ಣ ಫ್ರಿಜ್ಜು, ಎರಡು ಫ್ಯಾನು, ದೀಪ, ಮೊಬೈಲುಗಳಿಗೆ ಸಾಕು. ರಾತ್ರಿಯಿಡೀ ಏಸಿ ಬೇಕೆಂದರೆ ಹೊರಗಿನಿಂದ ಕರೆಂಟು ಎಳೆಯಬೇಕು. ಮೈಸೂರು, ಕೊಡಗು, ಊಟಿ ಸುತ್ತುವವರಿಗೆ ಏಸಿಯೇಕೆ? ಚಾವಣಿಗೆ ಒಳ್ಳೆಯ ಇನ್ಸುಲೇಶನ್, ಗಾಳಿ ಎಳೆದುಹಾಕುವ ಫ್ಯಾನು, ಕಿಟಕಿಗೆ ಸಣ್ಣ ಕಣ್ಣಿನ ಸೊಳ್ಳೆಪರದೆ ಹಾಕಿಸಿ. ನಾಲೆಯ ಬದಿಯಲ್ಲಿ ನಿಂತ ರಾತ್ರಿ ಏಸಿಗಿಂತ ಪರದೆಯ ಬೆಲೆ ಗೊತ್ತಾಗುತ್ತದೆ. ಹೊರಗಿನ ಕರೆಂಟಿಗೆ ಎಂಸಿಬಿ ಜೊತೆ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಬಂದಾಗುವ ಸ್ವಿಚ್ಚು) ಕಡ್ಡಾಯ, ಹಳ್ಳಿಯ ಸಾಕೆಟ್‌ಗಳಲ್ಲಿ ಅರ್ಥಿಂಗ್ ಇದೆ ಎಂದು ನಂಬಲಾಗದು.

ಬೆಂಕಿ, ಹೊಗೆಯ ವಿಷಯ ತಮಾಷೆಯಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿಕೊಂಡಿತ್ತು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜನರೇಟರ್ ಅಥವಾ ಎಂಜಿನ್ ಓಡುತ್ತಿರುವಾಗ ಒಳಗೆ ಮಲಗಬೇಡಿ, ಹಾಸಿಗೆಯ ಹತ್ತಿರ ಆ ಅನಿಲದ ಅಲಾರಂ ಹಾಕಿಸಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿಗೆ ಗಾಳಿಕಿಂಡಿ ಬೇಕಾದದ್ದು ತಳದಲ್ಲಿ, ಅದೂ ಹೊರಕ್ಕೆ ತೆರೆದಿರಬೇಕು. ಮನೆಯ ಸಿಲಿಂಡರ್ ಎತ್ತಿಕೊಂಡು ಹೋಗಬೇಡಿ, 5 ಕೆ.ಜಿ.ಯದ್ದು ಸಾಕು. ಬೆಂಕಿ ನಂದಿಸುವ ಡಬ್ಬ ಬಾಗಿಲ ಪಕ್ಕದಲ್ಲಿರಲಿ, ಒಲೆಯ ಹಿಂದೆ ಅಲ್ಲ.

ಅಂದಹಾಗೆ, ಒಳಗೆ ಮುದ್ದೆ ತಿರುವುವ ಆಸೆಯಿದ್ದವರಿಗೆ ಒಂದು ಮಾತು. ನಾವು ಪ್ರಯತ್ನಪಟ್ಟೆವು. ಪಾತ್ರೆ ಹಿಡಿಯಲು ಕವೆಗೋಲು ಊರುವುದಕ್ಕೆ ಜಾಗವಿಲ್ಲ, ಕೋಲು ತಿರುಗಿಸಿದರೆ ಇಡೀ ಗಾಡಿ ಅಲ್ಲಾಡುತ್ತದೆ. ಈಗ ಮುದ್ದೆಗೆ ಹೊರಗೆ ಒಲೆ. ಒಳಗೆ ಏನಿದ್ದರೂ ಅನ್ನ, ಉಪ್ಪಿಟ್ಟು, ಮತ್ತು ಡಬ್ಬಿಯಲ್ಲಿ ಸದಾ ಇರುವ ಪುಳಿಯೋಗರೆ ಗೊಜ್ಜು.

ಟಾಯ್ಲೆಟ್ಟಿಗೆ ಕ್ಯಾಸೆಟ್ ಮಾದರಿ ಒಳ್ಳೆಯದು. ಅಡಿಯಲ್ಲಿ ಹೊರಗೆಳೆಯಬಹುದಾದ ಸುಮಾರು ಇಪ್ಪತ್ತು ಲೀಟರಿನ ಡಬ್ಬ, ನಾಲ್ಕು ಜನಕ್ಕೆ ಎರಡು ದಿನ. ತುಂಬಿದ್ದನ್ನು ಯಾವುದಾದರೂ ಕಕ್ಕಸಿಗೆ ಸುರಿಯಬೇಕು, ನಾಲೆಗೆ, ಹೊಳೆಗೆ ಅಲ್ಲ. ನಾವು ಕುಡಿಯುವುದು ಅದೇ ಕಾವೇರಿ.

ಓಡುತ್ತಿರುವಾಗ ಹಾಸಿಗೆಯ ಮೇಲೆ ಯಾರೂ ಮಲಗಬಾರದು. ಬೆಲ್ಟ್ ಇರುವ ಸೀಟು ಎಷ್ಟೋ ಅಷ್ಟೇ ಜನ.

ನಿಲ್ಲಿಸುವುದು, ಹೊರಡುವುದು

ಗಾಡಿ ನಿಲ್ಲಿಸಲು ಜಾಗ ಗೊತ್ತುಮಾಡದೆ ಕೊಳ್ಳಬೇಡಿ. ಏಸಿ, ಫಲಕ ಸೇರಿ ಎತ್ತರ ಮೂರು ಮೀಟರಿನ ಹತ್ತಿರ ಬಂದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವುದೇ ಇಲ್ಲ. ಎತ್ತರವನ್ನು ಅಡಿ, ಮೀಟರ್ ಎರಡರಲ್ಲೂ ಬರೆದು ಸ್ಟೇರಿಂಗಿನ ಎದುರು ಅಂಟಿಸಿ, ರೈಲ್ವೆ ಅಂಡರ್‌ಪಾಸ್ ಎದುರಾದಾಗ ಬೋರ್ಡು ಓದಿಯೇ ನುಗ್ಗಿ.

ಮೊದಲ ಪ್ರವಾಸ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇರಲಿ. ಮೈಸೂರಿನಿಂದ ಮೇಲುಕೋಟೆ ಅಥವಾ ತಲಕಾಡು. ಪಂಪು ಕೆಟ್ಟರೆ, ಮಗು ಅತ್ತರೆ ರಾತ್ರಿಯೇ ಮನೆಗೆ ಬರಬಹುದು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಒಳರಸ್ತೆಗಳಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ಹತ್ತಿರ ಬರುವ ತನಕ ಕಾಣುವುದಿಲ್ಲ.

ರಾತ್ರಿ ಎಲ್ಲಿ ತಂಗುವುದು? ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ತಂದಿತು, ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕೂ ಆಯಿತು. ನಮ್ಮ ಕಡೆ ಅಂಥ ಜಾಗಕ್ಕೆ ಕಾಯುತ್ತ ಕೂರುವಂತಿಲ್ಲ, ಕೇಳಿಕೊಂಡು ನಿಲ್ಲಬೇಕು: ಪರಿಚಯದವರ ತೋಟ, ದೇವಸ್ಥಾನದ ವಸತಿಗೃಹದ ಅಂಗಳ, ಊಟ ಅಲ್ಲೇ ಮಾಡುತ್ತೇವೆಂದರೆ ಒಪ್ಪುವ ಹೋಟೆಲಿನ ಕಾಂಪೌಂಡು, ದೊಡ್ಡ ಪೆಟ್ರೋಲ್ ಬಂಕು. ಕೆರೆ ಏರಿಯ ಮೇಲೆ, ಕಾಡಿನಂಚಿನಲ್ಲಿ ಬೇಡ. ಬಂಡೀಪುರದ ಹೆದ್ದಾರಿಗಳು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ. ಎಚ್.ಡಿ. ಕೋಟೆ ಕಡೆಯಿಂದ ಮಾನಂದವಾಡಿಗೆ ಹೋಗುವ ದಾರಿ ಸಂಜೆ 6ಕ್ಕೇ ಬಂದ್. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಊಟಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂದಿದೆ, ಗುಂಡ್ಲುಪೇಟೆಯಲ್ಲಿ ನೆನಪಾದರೆ ಪ್ರಯೋಜನವಿಲ್ಲ, ಮನೆಯಲ್ಲೇ ತೆಗೆದಿಟ್ಟುಕೊಳ್ಳಿ.

ಪ್ರವಾಸವಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ನೀರಿನ ಟ್ಯಾಂಕ್ ಖಾಲಿ ಮಾಡಿ, ಫ್ರಿಜ್ಜಿನ ಬಾಗಿಲು ತೆರೆದಿಡಿ. ಒಂದು ಮಳೆಗಾಲ ನಾನು ಊರಿನ ಕಣದಲ್ಲಿ, ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿ ಬಂದಿದ್ದೆ. ದಸರಾ ರಜೆಗೆ ಹೋಗಿ ಕೀಲಿ ತಿರುಗಿಸಿದರೆ ದೀಪವೂ ಇಲ್ಲ, ಹಾರ್ನೂ ಇಲ್ಲ. ಇಲಿ ವೈರಿಂಗ್ ಕಡಿದು, ಹಾಸಿಗೆಯ ಹತ್ತಿ ಕಿತ್ತು, ಡ್ಯಾಶ್‌ಬೋರ್ಡಿನ ಹಿಂದೆ ಮರಿ ಹಾಕಿತ್ತು. "ನೀನ್ ಕಟ್ಸಿದ್ ಮನೆ, ಇಲಿ ಬಾಣಂತನ ಆಯ್ತು" ಅಂತ ಭಾವ ಈಗಲೂ ಆಡಿಕೊಳ್ಳುತ್ತಾರೆ. ನೆಲದಲ್ಲಿ ಪೈಪು, ವೈರು ಹಾದುಹೋಗುವ ಪ್ರತಿ ತೂತಿಗೂ ಕಬ್ಬಿಣದ ಜಾಲರಿ ತುರುಕಿಸಿ.